ವಕೀಲನ ಕಾಯಕವೂ ಮನೆಯ ಪಾಲೂ

ಶರಣರ ಕಾಯಕತತ್ವವನ್ನು ಎತ್ತಿ ಹೇಳುವವರು ಸಾಮಾನ್ಯವಾಗಿ ಅದರ ಒಂದು ಮುಖವನ್ನೇ ತೋರಿಸುತ್ತಾರೆ. ಮೈಗಳ್ಳತನ ಸಲ್ಲದು, ದುಡಿಯದೆ ಉಣ್ಣುವವನು ಭಕ್ತನಲ್ಲ, ಕೈಕೊಂಡ ಕೆಲಸವು ಪೂಜೆಗಿಂತ ಕಡಿಮೆಯದಲ್ಲ, ಇವೆಲ್ಲ ನಿಜವೇ. ಆದರೆ ದುಡಿಮೆಗೆ ಮೇಲಿನ ಎಲ್ಲೆಯೆಂಬುದೊಂದು ಉಂಟೇ ಎಂದು ಕೇಳುವವರು ವಿರಳ. ಹಗಲಿರುಳೆನ್ನದೆ ದುಡಿಯುವವನನ್ನು ಕಂಡೊಡನೆ ಕಾಯಕಯೋಗಿಯೆಂದು ಕೈಮುಗಿಯುವುದು ರೂಢಿಯಾಗಿದೆ. ಅವನ ಮನೆಯ ಒಳಗೆ ಇಣಿಕಿ ನೋಡಿದವರು ಯಾರು?

ವಕೀಲವೃತ್ತಿಯಲ್ಲಿ ಈ ಪ್ರಶ್ನೆಯು ಮಿಕ್ಕೆಲ್ಲ ವೃತ್ತಿಗಳಿಗಿಂತ ತೀವ್ರವಾಗಿ ಏಳುತ್ತದೆ. ಕನ್ನಡನಾಡಿನ ಜಿಲ್ಲೆ ತಾಲ್ಲೂಕುಗಳ ಊರುಗಳಲ್ಲಿ ಅನೇಕ ವಕೀಲರ ಕಛೇರಿಯು ಮನೆಯ ಪಡಸಾಲೆಯೇ ಆಗಿರುತ್ತದೆ. ಬೆಳಗಿನ ಚಹ ಮುಗಿಯುವ ಮೊದಲೇ ಕಕ್ಷಿದಾರರು ಬಂದು ಕೂಡುತ್ತಾರೆ. ಹನ್ನೊಂದಕ್ಕೆ ಕೋರ್ಟು. ಅಲ್ಲಿ ತನ್ನ ಪ್ರಕರಣವನ್ನು ಯಾವಾಗ ಕೂಗುವರೆಂಬುದು ವಕೀಲನಿಗೆ ತಿಳಿಯದು. ಕೂಗಿದಾಗ ಇಲ್ಲದಿದ್ದರೆ ನಷ್ಟ ಕಕ್ಷಿದಾರನದು. ಹೀಗೆ ಹಗಲೆಲ್ಲ ಕಾಯುವುದರಲ್ಲಿಯೂ ವಾದಿಸುವುದರಲ್ಲಿಯೂ ಕಳೆದುಹೋಗುವುದರಿಂದ, ಕಡತವನ್ನು ಓದುವ, ದಾವೆಯನ್ನು ಬರೆಯುವ, ಪಾಟೀಸವಾಲಿಗೆ ಸಿದ್ಧವಾಗುವ ಕೆಲಸಗಳೆಲ್ಲ ಹೆಂಡತಿ ಮಕ್ಕಳ ಹೊತ್ತಿಗೇ ಬಂದು ನಿಲ್ಲುತ್ತವೆ. 2020ರ ಮಹಾಮಾರಿಯ ದಿನಗಳಲ್ಲಿ ವೀಡಿಯೊ ಮೂಲಕ ವಿಚಾರಣೆ ನಡೆಯತೊಡಗಿದ ಮೇಲಂತೂ ನ್ಯಾಯಾಲಯವೇ ಮನೆಯೊಳಕ್ಕೆ ಬಂದಿತು. ಕೈಯಲ್ಲಿಯ ಮೊಬೈಲು ಊಟದ ತಟ್ಟೆಯ ಪಕ್ಕದಲ್ಲಿಯೂ ಸುಮ್ಮನಿರದು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಕಕ್ಷಿದಾರನು ಹೇಳಿದ ಗುಟ್ಟನ್ನು ವಕೀಲನು ಹೊರಗೆಡಹಬಾರದೆಂದು 1872ರ ಸಾಕ್ಷ್ಯ ಅಧಿನಿಯಮವು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ವಿಧಿಸುತ್ತದೆ. ಆದುದರಿಂದ ಒಕ್ಕಲಿಗನಾಗಲಿ ವ್ಯಾಪಾರಿಯಾಗಲಿ ದಿನದ ಭಾರವನ್ನು ಮಡದಿಯ ಮುಂದೆ ಇಳಿಸುವಂತೆ ವಕೀಲನು ಇಳಿಸಲಾರನು. ಮೈ ಮನೆಯಲ್ಲಿ, ಮನ ಕಟಕಟೆಯಲ್ಲಿ. ಮಗುವು ಎರಡು ಸಲ ಕರೆದರೂ ಕೇಳದ ತಂದೆಯು ಕಟುಕನೇನಲ್ಲ. ಅವನ ಕಿವಿಯಲ್ಲಿ ಬೇರೊಬ್ಬರ ಮನೆಯ ಅಳುವು ತುಂಬಿರುತ್ತದೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ವೃತ್ತಾಂತವನ್ನು ಪೂರ್ತಿಯಾಗಿ ನೆನೆಯುವುದು ಉಚಿತ. ಪೂರ್ತಿಯಾಗಿ ಎಂದು ಹೇಳಲು ಕಾರಣವಿದೆ. ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಮ್ಮೆ ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕವು ನಿಂತಿತೆಂದು ಎಚ್ಚರಿಸಿ ಕಳುಹಿಸಿದವಳು ಲಕ್ಕಮ್ಮ. ಇನ್ನೊಮ್ಮೆ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ಮಿತಿಮೀರಿದ ಆಸೆ, ತಂದಲ್ಲಿಯೇ ಸುರಿದು ಬಾ ಎಂದವಳೂ ಆಕೆಯೇ. ಜನರು ಈ ಎರಡನೆಯದನ್ನು ನಿರಾಶೆಯ ಪಾಠವೆಂದು ಬೋಧಿಸಿ ಮುಗಿಸುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಹೋಗು ಎಂದವಳಿಗೇ ಸಾಕು ಎನ್ನುವ ಅಧಿಕಾರವಿತ್ತು. ದುಡಿಮೆಯ ಅಳತೆಗೋಲು ದುಡಿಯುವವನೊಬ್ಬನ ಕೈಯಲ್ಲಿರಲಿಲ್ಲ.

ಇದಕ್ಕೆ ವಕೀಲನು ಒಂದು ಬಲವಾದ ಆಕ್ಷೇಪವನ್ನು ಎತ್ತಬಹುದು. ಅಕ್ಕಿಯನ್ನು ಸುರಿದು ಬರಬಹುದು. ಮನುಷ್ಯನನ್ನು ಸುರಿದು ಬರಲಾದೀತೇ? ಸಂಜೆ ಪೋಲೀಸರು ಹಿಡಿದೊಯ್ದ ಹುಡುಗನ ತಾಯಿಯು ಬಾಗಿಲಲ್ಲಿ ನಿಂತಿರುವಾಗ, ಇದು ಮಕ್ಕಳೊಡನೆ ಊಟಮಾಡುವ ಹೊತ್ತು ಎಂದು ಕದವಿಕ್ಕುವವನು ಶರಣನೇ? ಅಲ್ಲದೆ, ತನ್ನ ಯೋಗ್ಯತೆಗೆ ತಕ್ಕ ಶುಲ್ಕ ದೊರೆಯುವಲ್ಲಿ ಬಂದ ಪ್ರಕರಣವನ್ನು ಸ್ವೀಕರಿಸುವುದು ವಕೀಲನ ಕರ್ತವ್ಯವೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ.

ಆಕ್ಷೇಪವು ಹಗುರಾದುದಲ್ಲ. ಆ ತಾಯಿಗೆ ಬಾಗಿಲು ತೆರೆಯಲೇಬೇಕು. ಮನೆಯವರೂ ಅದನ್ನು ಬೇಡವೆನ್ನರು. ಆದರೆ ಅದೇ ನಿಯಮವು ವಿಶೇಷ ಕಾರಣಗಳಿದ್ದಲ್ಲಿ ನಿರಾಕರಿಸಲು ಎಡೆಗೊಡುತ್ತದೆ. ಒಮ್ಮೆ ಒಪ್ಪಿಕೊಂಡ ಮೇಲೆ ಸಾಕಷ್ಟು ಕಾರಣವೂ ಮುನ್ಸೂಚನೆಯೂ ಇಲ್ಲದೆ ಬಿಡಬಾರದೆಂದು ಮುಂದಿನ ನಿಯಮವು ಕಟ್ಟುಮಾಡುತ್ತದೆ. ಎಂದರೆ ಅಳತೆ ಮಾಡಬೇಕಾದುದು ವಕಾಲತ್ತಿಗೆ ಸಹಿ ಬೀಳುವ ಮುನ್ನವೇ. ಲಕ್ಕಮ್ಮನೂ ಅಕ್ಕಿ ಮಡಕೆಗೆ ಬೀಳುವ ಮುನ್ನವೇ ತಡೆದಳು. ವಕೀಲನ ಇರುಳನ್ನು ನುಂಗುವುದು ಸೆರೆಯಲ್ಲಿರುವ ಹುಡುಗನ ಜಾಮೀನು ಮಾತ್ರವೆಂದು ನಂಬುವುದು ಕಷ್ಟ. ಬೇಡವೆನ್ನಲಾರದೆ ಒಪ್ಪಿಕೊಂಡ ಹತ್ತಾರು ದಾವೆಗಳು, ಎದುರು ಮನೆಯ ವಕೀಲನಿಗೆ ಹೋಗಿಬಿಡುವವೆಂಬ ಅಂಜಿಕೆಯಿಂದ ಇಟ್ಟುಕೊಂಡ ಕಡತಗಳು ಅಲ್ಲಿ ಕಪಾಟಿನ ತುಂಬ ಇರುತ್ತವೆ. ಓದದ ಕಡತಕ್ಕೆ ಮುದ್ದತ್ತು ಕೇಳಬೇಕಾಗುತ್ತದೆ. ಹಳ್ಳಿಯಿಂದ ಬಸ್ಸು ಹಿಡಿದು ಬಂದ ರೈತನು ಬರಿದೇ ಹಿಂತಿರುಗುತ್ತಾನೆ. ಒಂದು ದಿನದ ಕೂಲಿ ಹೋಯಿತು. ಮಿತಿಮೀರಿ ಹೊತ್ತ ಭಾರದಿಂದ ಕೆಟ್ಟುದು ವಕೀಲನ ಸಂಸಾರವೊಂದೇ ಅಲ್ಲ. ಮನೆಯವರಿಗೆ ಸಲ್ಲದ ಆ ಹೊತ್ತು ಕಕ್ಷಿದಾರನಿಗೂ ಸಲ್ಲಲಿಲ್ಲ.

ಕಿರಿಯ ವಕೀಲರಿಗೆ ಈ ಮಾತನ್ನು ಹೇಳುವಾಗ ನಾಲಿಗೆ ತಡೆಯುತ್ತದೆ. ಹಿರಿಯರ ಕೈಕೆಳಗೆ ರಾತ್ರಿಯವರೆಗೆ ದುಡಿದು ಬಸ್ಸಿನ ಖರ್ಚಿಗೂ ಸಾಲದಷ್ಟನ್ನು ಪಡೆಯುವವನಿಗೆ ಆಯ್ಕೆಯೆಲ್ಲಿದೆ? ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಗಳನ್ನಾದರೂ ಕಿರಿಯರಿಗೆ ಕೊಡಬೇಕೆಂದು ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಶಿಫಾರಸು ಎಂದರೆ ಶಿಫಾರಸು; ಕೊಡುವುದು ಹಿರಿಯರ ಅಂತಃಕರಣಕ್ಕೆ ಬಿಟ್ಟುದು. ವೃತ್ತಿಯಲ್ಲಿರುವ ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಕೋರ್ಟಿನಿಂದ ಬಂದವಳು ಕರಿಯ ಕೋಟನ್ನು ಗೂಟಕ್ಕೆ ಹಾಕಿ ನೇರವಾಗಿ ಒಲೆಯ ಮುಂದೆ ನಿಲ್ಲುತ್ತಾಳೆ. ಆಕೆಗೆ ಸಾಕು ಎನ್ನುವ ಮಾರಯ್ಯನು ಯಾವ ಮನೆಯಲ್ಲಿದ್ದಾನೆ?

ಇನ್ನು ವಚನಪ್ರೇಮಿಗಳಿಗೆ ಹತ್ತಿರದ ಒಂದು ಜೀವನ. ಫ. ಗು. ಹಳಕಟ್ಟಿಯವರು (1880–1964) ವಿಜಾಪುರದ ವಕೀಲರು. ವಕೀಲಿಯು ಅವರಿಗೆ ಸಿರಿಯನ್ನು ತರಬಹುದಾಗಿತ್ತು. ಅವರು ಊರೂರು ತಿರುಗಿ ತಾಡವೋಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ ಶಿವಾನುಭವ ಪತ್ರಿಕೆಯನ್ನೂ ಆರಂಭಿಸಿದರು. ಮುದ್ರಣದ ಕೆಲಸಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ವೃತ್ತಿಯ ಗಳಿಕೆಗೆ ಎಲ್ಲೆಯೆಳೆದು ಉಳಿದುದನ್ನು ದಾಸೋಹವಾಗಿಸಿದ ವಕೀಲನಿಗೆ ಇವರಿಗಿಂತ ಮಿಗಿಲಾದ ನಿದರ್ಶನ ಸಿಗದು. ಇಂದು ಮನೆಮನೆಯಲ್ಲಿ ವಚನಗಳಿವೆಯೆಂದರೆ ಅದರಲ್ಲಿ ಅವರ ಪಾಲು ದೊಡ್ಡದು.

ಆದರೂ ಮನೆಯ ಪ್ರಶ್ನೆಯು ಇಲ್ಲಿಯೂ ಬಿಡದು. ಮಾರಿದ ಮನೆಯು ಅವರೊಬ್ಬರದಾಗಿರಲಿಲ್ಲ, ಅದರಲ್ಲಿ ಸಂಸಾರವಿತ್ತು. ಅವರನ್ನು ಕುರಿತ ಭಾಷಣಗಳಲ್ಲಿ ಅವರ ತ್ಯಾಗಕ್ಕೆ ಚಪ್ಪಾಳೆ ಬೀಳುತ್ತದೆ. ಬಾಡಿಗೆಯ ಮನೆಗೆ ಪಾತ್ರೆಪಡಗಗಳನ್ನು ಹೊತ್ತು ನಡೆದವರ ಮಾತನ್ನು ಆಡುವವರು ಕಡಿಮೆ. ಆ ಮಂದಿಯೂ ಒಪ್ಪಿಯೇ ನಡೆದಿದ್ದರೆ, ವಚನಶಾಸ್ತ್ರಸಾರದ ಮೇಲೆ ಅಚ್ಚಾದ ಹೆಸರು ಒಂದೇ ಆದರೂ ಆ ದಾಸೋಹವನ್ನು ನಡೆಸಿದವರು ಹಲವರು.