ಚಕ್ಕೆಗಳ ಸಾಕ್ಷಿ

ಕಲ್ಲಿನ ಬಾಣದ ಮೊನೆ ಮಾಡಲು ಕಲಿಯುವ ಅನೇಕರು ಮೊದಲು ಕೈಗೆತ್ತಿಕೊಳ್ಳುವುದು ಕಲ್ಲನ್ನಲ್ಲ, ಒಡೆದ ಬಾಟಲಿಯ ತಳವನ್ನು. ದಪ್ಪ ಗಾಜು ಚೆಕುಮುಕಿ ಕಲ್ಲಿನಂತೆಯೇ ಒಡೆಯುತ್ತದೆ, ಪುಕ್ಕಟೆಯೂ ಸಿಗುತ್ತದೆ. ಅಂಗೈಗೆ ಚರ್ಮದ ತುಂಡು ಹಾಕಿಕೊಂಡು, ಮರದ ಹಿಡಿಗೆ ಸಿಕ್ಕಿಸಿದ ತಾಮ್ರದ ಕಡ್ಡಿಯನ್ನು ಗಾಜಿನ ಅಂಚಿಗಿಟ್ಟು ಒಳಮುಖವಾಗಿ ಒತ್ತಬೇಕು. ಕೊನೆಗೆ ತುಸು ಕೆಳಕ್ಕೆ ಜಗ್ಗಬೇಕು. ಕೆಳಮೈಯಿಂದ ತೆಳ್ಳನೆಯ ಚಕ್ಕೆ ಏಳುತ್ತದೆ. ಅಂಚು ತೀರ ಚೂಪಾಗಿದ್ದರೆ ಒತ್ತಡ ತಾಳದೆ ಪುಡಿಯಾಗುತ್ತದೆ. ಆದ್ದರಿಂದ ಅದನ್ನು ಒರಟು ಕಲ್ಲಿಗೆ ಉಜ್ಜಿ ಆಗಾಗ ಮೊಂಡು ಮಾಡಿಕೊಳ್ಳಬೇಕು. (ಕನ್ನಡಕ ಹಾಕದೆ ಯಾರೂ ಇದಕ್ಕೆ ಕೈ ಹಾಕಬೇಡಿ.)

ಆರು ತಿಂಗಳಲ್ಲಿ ನಾನು ಮಾಡಿದ ಮೊನೆಗಳು ಏಳೆಂಟು, ಚಕ್ಕೆ ಒಂದು ಬಕೆಟ್. ನನ್ನನ್ನು ಕಾಡುತ್ತಿರುವುದು ಆ ಬಕೆಟ್ಟು.

19ನೇ ಶತಮಾನದ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಸಿಂಪ್ಸನ್ ಎಂಬವನಿದ್ದ. ಜನ ‘ಫ್ಲಿಂಟ್ ಜ್ಯಾಕ್’ ಎನ್ನುತ್ತಿದ್ದರು. ಊರೂರು ಅಲೆಯುತ್ತ, ತಾನೇ ಮಾಡಿದ ಮೊನೆಗಳನ್ನು ಪ್ರಾಚೀನವೆಂದು ಸಂಗ್ರಾಹಕರಿಗೆ ಮಾರುತ್ತಿದ್ದ. ಅದೇ ಮನುಷ್ಯ 1862ರಲ್ಲಿ ಲಂಡನ್ನಿನ ವಿದ್ವಾಂಸರ ಸಭೆಯಲ್ಲಿ ಅವರ ಕಣ್ಣೆದುರೇ ಮೊನೆ ಮಾಡಿ ತೋರಿಸಿದ. ಕೈ ಅದೇ, ಕಸುಬು ಅದೇ. ಸಭೆಯಲ್ಲಿ ಮಾಡಿದ್ದು ಮೋಸವಲ್ಲ, ಮಾರಿದ್ದು ಮೋಸ. ಅಂದರೆ ಸುಳ್ಳು ಇದ್ದದ್ದು ಅವನ ಮಾತಿನಲ್ಲಿ, ಕಲ್ಲಿನಲ್ಲಲ್ಲ. ಹಾಗಾದರೆ ಏನನ್ನೂ ಮಾರದ ನನಗೆ ಯಾವ ದೋಷ?

ಈ ವಾದ ನನಗೆ ಸಾಲದು. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಡೊಲೆರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಮಾಡಿದ ಕೊಡಲಿ ಕೈಯಿಂದ ಕೈಗೆ ಹೋಗುತ್ತದೆ. ಚಕ್ಕೆ ಬಿದ್ದಲ್ಲೇ ಉಳಿಯುತ್ತದೆ. ಯಾರು ಎಲ್ಲಿ ಕೂತು ಹೇಗೆ ಕೆಲಸ ಮಾಡಿದರೆಂದು ಹೇಳುವುದು ಈ ಕಸವೇ. ನಾಳೆ ನಾನು ಗಾಜು ಬಿಟ್ಟು ಕಲ್ಲು ಹಿಡಿದು, ಅಂಥದೊಂದು ಗುಡ್ಡದ ನೆರಳಿನಲ್ಲಿ ಕೂತರೆ ನನ್ನ ಚಕ್ಕೆಗಳು ಅವರ ಚಕ್ಕೆಗಳೊಳಗೆ ಬೆರೆಯುತ್ತವೆ. ಹೊಸ ಒಡಕಿನ ಹೊಳಪು ಮಾಸಲು ಕಾಲ ಬೇಕು, ಆದರೆ ಮಾಸುತ್ತದೆ. ನಾನು ಯಾರಿಗೂ ಸುಳ್ಳು ಹೇಳಿರುವುದಿಲ್ಲ. ಆದರೂ ಇನ್ನೂ ಹುಟ್ಟದ ಯಾರೋ ಒಬ್ಬರು ಮೋಸಹೋಗುತ್ತಾರೆ. ಲಿಪಿ ಅಭ್ಯಾಸಕ್ಕೆಂದು ಬರೆದ ಗರಿಯೊಂದನ್ನು ಹಳೆಯ ಓಲೆಗರಿಯ ಕಟ್ಟಿನೊಳಗೆ ಸೇರಿಸಿಟ್ಟ ಹಾಗೆ. ಮೋಸದ ಉದ್ದೇಶವಿಲ್ಲದೆ ಸುಳ್ಳಿಲ್ಲ ಎಂದು ತತ್ತ್ವಶಾಸ್ತ್ರದ ಪುಸ್ತಕಗಳು ವಾದಿಸಲಿ. ಸಾಕ್ಷಿಯನ್ನು ಕೆಡಿಸಲು ಉದ್ದೇಶ ಬೇಕಿಲ್ಲ, ಅಜಾಗರೂಕತೆ ಸಾಕು.

ಗೆಳೆಯನೊಬ್ಬ ನಗುತ್ತಾನೆ: ‘ಕ್ವಾರಿಗಳು ಗುಡ್ಡಕ್ಕೆ ಗುಡ್ಡವನ್ನೇ ನುಂಗುತ್ತಿವೆ ಮಾರಾಯ, ನೀನು ಹತ್ತು ಚೂರಿಗೆ ತಲೆ ಕೆಡಿಸಿಕೊಳ್ತೀಯಲ್ಲ!’ ಅವನ ಮಾತು ಚುಚ್ಚುತ್ತದೆ, ಹಾನಿಯ ಲೆಕ್ಕದಲ್ಲಿ ಅವನೇ ಸರಿ. ಆದರೆ ಕ್ವಾರಿ ಸಾಕ್ಷಿಯ ಬಾಯಿ ಮುಚ್ಚಿಸುತ್ತದೆ. ನನ್ನ ಚೂರುಗಳು ಅದರ ಬಾಯಲ್ಲಿ ಇಲ್ಲದ್ದನ್ನು ನುಡಿಸುತ್ತವೆ. ಹೊಂಡ ನೋಡಿದವನಿಗೆ ಇಲ್ಲೇನೋ ಕಳೆದಿದೆಯೆಂದಾದರೂ ತಿಳಿದೀತು.

ಹಾಗಾಗಿ ತಾರಸಿಯ ಮೇಲೆ ಟಾರ್ಪಾಲಿನ್ ಹಾಸಿಕೊಂಡೇ ಕೂರುತ್ತೇನೆ. ಮೊನೆಯ ಬುಡದಲ್ಲಿ ಹೆಸರಿನ ಮೊದಲಕ್ಷರ, ಇಸವಿ ಕೊರೆಯುತ್ತೇನೆ. ಚಕ್ಕೆಗಳನ್ನು ಹಳೆಯ ಪೇಂಟ್ ಡಬ್ಬಿಗೆ ತುಂಬಿ, ಈ ವರ್ಷದ ಒಂದು ರೂಪಾಯಿ ನಾಣ್ಯ ಹಾಕಿ, ಮುಚ್ಚಳ ಬಿಗಿದು ಕಸದ ಗಾಡಿಗೆ ಕೊಡುತ್ತೇನೆ. ರೂಪಾಯಿ ದಂಡ ಎನ್ನುತ್ತಾನೆ ಗೆಳೆಯ.