ಮುಳ್ಳು ಮರಳಿ ಕೂರುವ ಜಾಗ

ಸ್ಪೀಡೊಮೀಟರಿನ ಮುಳ್ಳನ್ನು ಕೀಳುವುದಕ್ಕೆ ಎರಡು ಚಮಚ ಸಾಕು. ಡಯಲ್ ಗೀಚದಂತೆ ಒಂದು ತುಂಡು ಬಟ್ಟೆ ಹಾಸಿ, ಮುಳ್ಳಿನ ಬುಡಕ್ಕೆ ಆಚೆ ಈಚೆ ಒಂದೊಂದು ಚಮಚದ ಹಿಡಿ ಕೊಟ್ಟು ಮೆಲ್ಲಗೆ ಮೀಟಿದರೆ ಅದು ಕೈಗೆ ಬರುತ್ತದೆ. ಕಷ್ಟವಿರುವುದು ಅದನ್ನು ಮತ್ತೆ ಕೂರಿಸುವುದರಲ್ಲಿ. ಹಳೆಯ ಮೀಟರಿಗೆ ಹೊಳೆಯುವ ಹೊಸ ಮುಖ ಹಾಕಿಸಲು ಹೊರಟವರು ಸಾಮಾನ್ಯವಾಗಿ ಕೀಳುವ ಗಳಿಗೆಯಲ್ಲಿ ಉಸಿರು ಬಿಗಿಹಿಡಿಯುತ್ತಾರೆ, ಕೂರಿಸುವಾಗ ನಿರಾಳರಾಗುತ್ತಾರೆ. ಇದು ತಿರುಗುಮುರುಗಾಗಬೇಕಿತ್ತು.

ಯಾಕೆಂದರೆ ಸೊನ್ನೆ ಎಂದು ನಮಗೆ ಕಾಣುವುದು ಮುಳ್ಳಿನ ನಿಜವಾದ ಸೊನ್ನೆಯಲ್ಲ. ಕೇಬಲಿನಿಂದ ನಡೆಯುವ ಹಳೆಯ ಮೀಟರನ್ನೇ ತೆಗೆದುಕೊಳ್ಳಿ. ಓಟ್ಟೊ ಶುಲ್ಟ್ಸೆ ಎಂಬಾತ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಮುಂದೆ ನಮ್ಮ ಮಾರುತಿ 800ರವರೆಗೂ ನಡೆದುಬಂತು. ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದೆ ನಿಂತಿರುವ ಅಲ್ಯೂಮಿನಿಯಂ ಬಟ್ಟಲು ಅದರ ಸೆಳೆತಕ್ಕೆ ಸಿಕ್ಕಿ ತಾನೂ ತಿರುಗಲು ನೋಡುತ್ತದೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎರಡರ ಜಗ್ಗಾಟ ಎಲ್ಲಿ ಸಮನಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಗಾಡಿ ನಿಂತಾಗ ಸ್ಪ್ರಿಂಗ್ ಮುಳ್ಳನ್ನು ಪೂರಾ ಹಿಂದಕ್ಕೆ ಎಳೆದುಕೊಳ್ಳಬೇಕು. ಡಯಲಿನ ಮೇಲೆ ನೆಟ್ಟ ಒಂದು ಪುಟ್ಟ ಕಡ್ಡಿ ಅದನ್ನು ಸೊನ್ನೆಯ ಹತ್ತಿರ ತಡೆದು ನಿಲ್ಲಿಸಿರುತ್ತದೆ. ಮುಳ್ಳನ್ನು ಕೊಂಚ ಎತ್ತಿ ಕಡ್ಡಿ ದಾಟಿಸಿ ಬಿಟ್ಟರೆ ಅದು ಇನ್ನಷ್ಟು ಕೆಳಗಿಳಿದು, ಅಂಕಿಯೇ ಇಲ್ಲದ ಒಂದು ಜಾಗದಲ್ಲಿ ಸುಮ್ಮನಾಗುತ್ತದೆ. ಕೀಳುವ ಮೊದಲು ಗುರುತು ಹಾಕಿಕೊಳ್ಳಬೇಕಾದದ್ದು ಆ ಜಾಗವನ್ನು. ಹೊಸ ಮುಖ ಅಂಟಿಸಿದ ಮೇಲೆ ಮುಳ್ಳನ್ನು ಮೊದಲು ಅಲ್ಲಿಗೇ ಕೂರಿಸಿ, ಆಮೇಲೆ ಎತ್ತಿ ಕಡ್ಡಿ ದಾಟಿಸಬೇಕು.

ಅವಸರದವರು ಈ ಗುರುತನ್ನು ಬಿಡುತ್ತಾರೆ. ಮುಳ್ಳನ್ನು ನೆಟ್ಟಗೆ ಸೊನ್ನೆಗೆ ಒತ್ತಿಬಿಟ್ಟರೆ ಮೀಟರ್ ಇನ್ನು ಮೇಲೆ ಇರುವ ವೇಗಕ್ಕಿಂತ ಹೆಚ್ಚು ತೋರಿಸುತ್ತದೆ. ಒತ್ತುವಾಗ ಕೆಳಗಿನ ದಂಡ ಬೇಕಾದ್ದಕ್ಕಿಂತ ಹೆಚ್ಚು ಮುಂದಕ್ಕೆ ತಿರುಗಿಕೊಂಡಿದ್ದರೆ ಕಡಿಮೆ ತೋರಿಸುತ್ತದೆ. ತುಂಬ ಆಳಕ್ಕೆ ಒತ್ತಿದರೆ ಮುಳ್ಳು ಹೊಸ ಹಾಳೆಗೆ ಉಜ್ಜಿಕೊಂಡು ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ಕಾರುಗಳಲ್ಲಿ ಕೇಬಲಿನ ಬದಲು ಬೆರಳ ತುದಿಯಷ್ಟು ಮೋಟಾರ್ ಇರುತ್ತದೆ. ಅದರ ಹಲ್ಲುಗಳು ಎಷ್ಟು ಸಣ್ಣವೆಂದರೆ ಮುಳ್ಳನ್ನು ಬಲವಂತವಾಗಿ ತಿರುವಿದವನಿಗೆ ಅವು ಮುರಿದದ್ದೇ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಯಾತಕ್ಕಾಗಿ? ಬೆಳಕಿಗಾಗಿ. ಆ ಬೆಳಕು ನಿಜಕ್ಕೂ ಚೆಂದ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಈ ಮುಖಗಳ ಹಿಂದೆ ಬಲ್ಬಿಲ್ಲ. ಎರಡು ತೆಳ್ಳನೆಯ ವಾಹಕ ಪದರಗಳ ನಡುವೆ ಸತುವಿನ ಸಲ್ಫೈಡಿನ ಪುಡಿ ಹರಡಿ, ಪದರಗಳಿಗೆ ಪರ್ಯಾಯ ವಿದ್ಯುತ್ ಹರಿಸಿದರೆ ಹಾಳೆಗೆ ಹಾಳೆಯೇ ಹೊಳೆಯುತ್ತದೆ. ಪ್ಯಾರಿಸಿನಲ್ಲಿ ಜಾರ್ಜ್ ದೆಸ್ತ್ರಿಯೊ 1936ರಲ್ಲಿ ಕಂಡ ವಿದ್ಯಮಾನ ಇದು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ಮಾದರಿಯ ಕಾರುಗಳ ಡ್ಯಾಶ್‌ಬೋರ್ಡಿಗೆ ಇದನ್ನೇ ತಂದಿತು. ಚಂದ್ರನಿಗೆ ಹೋದ ಅಪೊಲೊ ನೌಕೆಯ ಕಂಪ್ಯೂಟರಿನ ಅಂಕಿಗಳೂ ಇದೇ ಬೆಳಕಿನಲ್ಲಿ ಮೂಡುತ್ತಿದ್ದವು. ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟಿನ ನೇರ ವಿದ್ಯುತ್. ಹಾಳೆಗೆ ಬೇಕಾದದ್ದು ಸುಮಾರು 100 ವೋಲ್ಟಿನ ಪರ್ಯಾಯ ವಿದ್ಯುತ್. ಆದ್ದರಿಂದ ಕಿಟ್ಟಿನ ಜೊತೆ ಒಂದು ಪುಟ್ಟ ಇನ್ವರ್ಟರ್ ಬರುತ್ತದೆ. ಪಾರ್ಕಿಂಗ್ ಲೈಟಿನ ವೈರಿಗೆ ಅದನ್ನು ಜೋಡಿಸಿ, ಅರ್ಥಿಂಗ್ ಕೊಟ್ಟು, ಸ್ವಿಚ್ ಹಾಕಿದರೆ ಹಗಲಲ್ಲಿ ಬಿಳಿಯಾಗಿದ್ದ ಡಯಲ್ ನೀಲಿಯಾಗಿಯೋ ಹಸಿರಾಗಿಯೋ ಬೆಳಗುತ್ತದೆ. ಎಂಜಿನ್ ಆರಿಸಿ ಕಿವಿಗೊಟ್ಟರೆ ಇನ್ವರ್ಟರಿನ ಸಣ್ಣ ಕೀರಲು ಸದ್ದೂ ಕೇಳಬಹುದು. ವರ್ಷಗಳು ಕಳೆದ ಹಾಗೆ ಹೊಳಪು ತಾನಾಗಿ ಮಂಕಾಗುತ್ತದೆ. ಅದು ಆ ಪುಡಿಯ ಗುಣ, ಯಾರ ತಪ್ಪೂ ಅಲ್ಲ.

1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹೋಂಡಾ ಸಿವಿಕ್‌ನಂಥ ಸಣ್ಣ ಕಾರುಗಳನ್ನು ಸಿಂಗರಿಸುತ್ತಿದ್ದ ಹುಡುಗರ ನಡುವೆ ಈ ಗೀಳು ಹಬ್ಬಿತು. ಸ್ವಲ್ಪ ತಡವಾಗಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್, ಹಾರ್ನ್, ಫಾಗ್ ಲ್ಯಾಂಪುಗಳ ನಡುವೆ ಇದಕ್ಕೂ ಒಂದು ಜಾಗ ಸಿಕ್ಕಿತು. ಹಿರಿಯರು ಮೂಗು ಮುರಿದರು. ನನಗೆ ಹಾಗನ್ನಿಸುವುದಿಲ್ಲ. ಕಂತಿನ ಸಾಲದಲ್ಲಿ ತಂದ ಕಾರು, ಅದೇ ಬಣ್ಣದ ಅದೇ ಕಾರು ಬೀದಿಯಲ್ಲಿ ಇನ್ನೂ ಹತ್ತು ನಿಂತಿರುವಾಗ, ಇದು ನನ್ನದು ಎನ್ನುವುದಕ್ಕೆ ಮನುಷ್ಯ ಏನಾದರೂ ಒಂದು ಗುರುತು ಹುಡುಕುತ್ತಾನೆ. ಆಯುಧಪೂಜೆಯ ದಿನ ಬಾನೆಟ್ಟಿಗೆ ಹಾರ ಹಾಕಿ ಗಾಲಿಗೆ ನಿಂಬೆಹಣ್ಣು ಇಡುವ ನಾವು ಅವನ ಸಿಂಗಾರಕ್ಕೆ ನಗುವುದು ಸರಿಯಲ್ಲ. ಮೇಲಾಗಿ ಈ ಅಲಂಕಾರ ಹೊರಗಿನವರಿಗೆ ಕಾಣುವುದೇ ಇಲ್ಲ. ಅಲಾಯ್ ವೀಲ್ ಊರಿಗೆಲ್ಲ ಕಾಣುತ್ತದೆ. ಹೊಳೆಯುವ ಮೀಟರ್ ಕಾಣುವುದು ಓಡಿಸುವವನಿಗೆ ಮಾತ್ರ. ಜಂಬವೆಂದು ಕರೆಯಬಹುದಾದರೂ ಎಷ್ಟು ಸಂಕೋಚದ ಜಂಬ ಅದು!

ಆದರೂ ಒಂದು ತಕರಾರು ಉಳಿಯುತ್ತದೆ. ಸೀಟಿಗೆ ಏನು ಹೊದಿಸಿದರೂ ಸೀಟು ಸುಳ್ಳು ಹೇಳಲಾರದು. ಮೀಟರ್ ಹೇಳಬಲ್ಲದು. ಅಳೆಯುವ ವಸ್ತುವನ್ನು ಬಿಚ್ಚಿದ ಕೈಗೆ, ಬಯಸಲಿ ಬಿಡಲಿ, ಅದರ ಸತ್ಯದ ಹೊಣೆ ಅಂಟಿಕೊಳ್ಳುತ್ತದೆ. ಆಟೋರಿಕ್ಷಾದ ಬಾಡಿಗೆ ಮೀಟರನ್ನು ನೋಡಿ: ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಸೀಲು ಬೇಕು, ಕಾಲಕಾಲಕ್ಕೆ ತಪಾಸಣೆಯಾಗಬೇಕು. ದಿನಸಿ ಅಂಗಡಿಯ ತಕ್ಕಡಿಗೂ ಅಷ್ಟೆ. ಅಲ್ಲಿ ಅಳತೆ ತಪ್ಪಿದರೆ ಇನ್ನೊಬ್ಬರ ಹಣ ಹೋಗುತ್ತದೆ. ಆ ಇನ್ನೊಬ್ಬರು ಎದುರಿಗೇ ಕೂತಿರುತ್ತಾರೆ, ಜಗಳ ಆಡುತ್ತಾರೆ. ಸ್ವಂತ ಕಾರಿನ ಸ್ಪೀಡೊಮೀಟರಿಗೆ ಅಂಥ ಸೀಲಿಲ್ಲ. ನೋಂದಣಿಯಾದ ಮೇಲೆ 15 ವರ್ಷ ಅದನ್ನು ಯಾರೂ ಕೇಳುವುದಿಲ್ಲ. ಅಳತೆ ಮಾಡಿಸುವವನು, ಓದುವವನು, ನಂಬುವವನು ಎಲ್ಲ ಒಬ್ಬನೇ. ತನಗೆ ತಾನೇ ಮೋಸ ಮಾಡಿಕೊಂಡರೆ ದೂರು ಕೊಡುವುದು ಯಾರಿಗೆ? ಮೋಸ ಹೋದವರಲ್ಲಿ ರಸ್ತೆ ದಾಟುತ್ತಿದ್ದ ಇನ್ನೊಬ್ಬರೂ ಇದ್ದರು ಎಂಬುದು ಗೊತ್ತಾಗುವುದು ತಡವಾಗಿ.

ಇಲ್ಲಿ ಒಂದು ವಿಚಿತ್ರವಿದೆ. ಕಂಪನಿಯಿಂದ ಬಂದ ಮೀಟರ್ ಕೂಡ ಪೂರ್ತಿ ನಿಜ ಹೇಳುವುದಿಲ್ಲ, ಹೇಳಬೇಕೆಂದು ನಿಯಮವೂ ಇಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೆಯ ನಿಯಮದ ಪ್ರಕಾರ ಮೀಟರ್ ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ಇರಕೂಡದು. ಹೆಚ್ಚಿರಬಹುದು, ನಿಜ ವೇಗದ ಹತ್ತನೇ ಒಂದು ಭಾಗಕ್ಕೆ 4 ಕಿಲೋಮೀಟರ್ ಸೇರಿಸಿದಷ್ಟು. ಅಂದರೆ ಗಂಟೆಗೆ 100ರಲ್ಲಿ ಓಡುವ ಕಾರು 114 ಎಂದು ತೋರಿಸಿದರೂ ಕ್ಷಮೆಯುಂಟು, 99 ಎಂದರೆ ಇಲ್ಲ. ಟೈರ್ ಸವೆಯುತ್ತದೆ, ಗಾಳಿ ಹೆಚ್ಚುಕಡಿಮೆಯಾಗುತ್ತದೆ, ಲೆಕ್ಕ ಅತ್ತಿತ್ತ ಆಗಿಯೇ ಆಗುತ್ತದೆ. ಹೇಗೂ ತಪ್ಪುವುದಾದರೆ ಯಾವ ಕಡೆಗೆ ತಪ್ಪಬೇಕು ಎಂದು ಯಾರೋ ಕೂತು ಯೋಚಿಸಿದ್ದಾರೆ. ಜೀವ ಉಳಿಯುವ ಕಡೆಗೆ ಬಾಗಿಸಿದ ಸುಳ್ಳು ಅದು. ಚಮಚ ಹಿಡಿದು ಮುಳ್ಳು ಕಿತ್ತವನು ಆ ಬಾಗನ್ನೂ ಜೊತೆಗೇ ಕೀಳುತ್ತಾನೆ. ಮತ್ತೆ ಕೂರಿಸುವಾಗ ಅದು ಯಾವ ಕಡೆಗೆ ವಾಲಿತು ಎಂದು ಅವನಿಗೆ ಗೊತ್ತಿರುವುದಿಲ್ಲ. 70ರಲ್ಲಿ ಓಡುತ್ತಿರುವುದನ್ನು 60 ಎಂದು ನಂಬಿ ಕೂತವನ ಕಾರಿನಲ್ಲಿ ಅವನು ತಿಳಿದುದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಚಲನಶಕ್ತಿ ಇರುತ್ತದೆ. ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ಬ್ರೇಕ್ ತಡೆಯಬೇಕಾದದ್ದು ಅದನ್ನು, ಡಯಲಿನ ಮೇಲಿನ ಅಂಕಿಯನ್ನಲ್ಲ.

ಜೆ.ಸಿ. ರಸ್ತೆಯಲ್ಲಿ ಮೀಟರ್ ರಿಪೇರಿ ಮಾಡುತ್ತಿದ್ದ ವಯಸ್ಸಾದವರೊಬ್ಬರ ಅಂಗಡಿಯಲ್ಲಿ ಒಮ್ಮೆ ಹೊತ್ತು ಕಳೆದಿದ್ದೆ. ಹುಡುಗನೊಬ್ಬ ಬಂದು, "ಬ್ಲೂ ಹಾಕ್ಕೊಡಿ ಅಂಕಲ್, ಎಷ್ಟಾಗುತ್ತೆ?" ಅಂದ. ಅವರು ದರ ಹೇಳಲಿಲ್ಲ. "ಹಾಕೋದು ಮಧ್ಯಾಹ್ನದೊಳಗೆ ಮುಗಿಯುತ್ತೆ ಕಣಪ್ಪ. ಆಮೇಲೆ ನಂಜೊತೆ ಒಂದು ರೌಂಡ್ ಬರಬೇಕು. ಟೈಮ್ ಇಲ್ಲ ಅಂದ್ರೆ ಬೇರೆ ಕಡೆ ಮಾಡಿಸ್ಕೋ" ಅಂದರು. ಆ ರೌಂಡಿನಲ್ಲಿ ಅವರು ಪಕ್ಕದ ಸೀಟಿನಲ್ಲಿ ಕೂತು, ಫೋನಿನ ಜಿಪಿಎಸ್ ವೇಗವನ್ನೂ ಮುಳ್ಳನ್ನೂ 30ರಲ್ಲಿ ಒಮ್ಮೆ, 50ರಲ್ಲಿ ಒಮ್ಮೆ ಹೋಲಿಸುತ್ತಾರಂತೆ. ತಾಳೆಯಾಗದಿದ್ದರೆ ಅಂಗಡಿಗೆ ವಾಪಸು, ಮತ್ತೆ ಚಮಚ. ಪೆಟ್ರೋಲ್ ಮುಳ್ಳಿಗೆ ಟ್ಯಾಂಕ್ ತುಂಬಿಸಿಕೊಂಡು ಬಾ ಎನ್ನುತ್ತಾರೆ. ಅವರಿಗೆ ಅತಿ ಹೆಚ್ಚು ಅಂಜಿಕೆ ಇದ್ದದ್ದು ಮೂಲೆಯಲ್ಲಿರುವ, ಯಾರೂ ನೋಡದ ಟೆಂಪರೇಚರ್ ಮುಳ್ಳಿನ ಬಗ್ಗೆ. ಸ್ಪೀಡು ತಪ್ಪಿದರೆ ಪಕ್ಕದ ಗಾಡಿ ನೋಡಿ ಅಂದಾಜಾದರೂ ಮಾಡಬಹುದು. ಆದರೆ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಕುದಿಯುತ್ತಿದ್ದು ಮುಳ್ಳು ನಡುವಿನಲ್ಲೇ ಆರಾಮಾಗಿ ನಿಂತಿದ್ದರೆ, ಮೊದಲ ಸುದ್ದಿ ಬಾನೆಟ್ಟಿನ ಸಂದಿನಿಂದ ಹೊಗೆಯಾಗಿಯೇ ಬರುತ್ತದೆ. ಈ ರೌಂಡಿಗೆ ಅವರು ಬೇರೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಸೀಲಿಲ್ಲದ ಕಡೆ ಸೀಲು ಅಂದರೆ ಇಂಥ ಮನುಷ್ಯರೇ ಇರಬೇಕು. ಅವರಿಗೆ ಗಿರಾಕಿಗಳು ಕಡಿಮೆ ಇದ್ದರು ಎಂಬುದನ್ನೂ ಹೇಳಿಬಿಡುತ್ತೇನೆ.

ನೀಲಿ ಬೇಡ, ಹಳದಿಯೋ ಕೆಂಪೋ ಇರಲಿ ಎಂದೂ ಅವರು ಆ ಹುಡುಗನಿಗೆ ಹೇಳಿ ನೋಡಿದರು. ಇದಕ್ಕೂ ಕಾರಣವಿದೆ. ಕತ್ತಲಲ್ಲಿ ನೋಡಲು ನೆರವಾಗುವ ಕಣ್ಣಿನ ಕೋಶಗಳು ನೀಲಿ-ಹಸಿರು ಬೆಳಕಿಗೆ ಅತಿ ಸೂಕ್ಷ್ಮ; ಕೆಂಪಿಗೆ ಅವು ಹೆಚ್ಚುಕಡಿಮೆ ಕುರುಡು. ಹಾಗಾಗಿ ಕೆಂಪು ಬೆಳಕಿನಲ್ಲಿ ಮೀಟರ್ ಓದಿದರೂ ಕತ್ತಲಿಗೆ ಒಗ್ಗಿದ ಕಣ್ಣು ಅಷ್ಟಾಗಿ ಕೆಡುವುದಿಲ್ಲ. ಎದೆಯ ಮುಂದೆ ನೀಲಿ ಹಾಳೆ ಜೋರಾಗಿ ಉರಿಯುತ್ತಿದ್ದರೆ, ಅದರ ನೆರಳು ಮುಂದಿನ ಗಾಜಿನ ಮೇಲೂ ಬೀಳುತ್ತಿದ್ದರೆ, ಹೊರಗಿನ ಕತ್ತಲು ಇನ್ನಷ್ಟು ದಟ್ಟವಾಗುತ್ತದೆ. ಮಂಡ್ಯದ ಕಡೆ ಕಬ್ಬು ಕಟಾವಿನ ಕಾಲದಲ್ಲಿ ರಾತ್ರಿ ಓಡಾಡಿದವರಿಗೆ ಹೇಳಬೇಕಿಲ್ಲ. ಹಿಂದೀಪವಿಲ್ಲದ ಟ್ರಾಲಿ, ಅದರಿಂದ ಆಚೆ ಚಾಚಿದ ಜಲ್ಲೆ, ಇವೆಲ್ಲ ಕಾಣಬೇಕಾದದ್ದು ಆ ಕತ್ತಲಲ್ಲೇ. ಒಳಗಿನ ಬೆಳಕು ಹೊರಗಿನದನ್ನು ಮರೆಮಾಡುವ ಈ ಮಾತನ್ನು ಅಧ್ಯಾತ್ಮಕ್ಕೆ ಎಳೆಯಲು ಮನಸ್ಸಾಗುತ್ತದೆ, ಎಳೆಯುವುದಿಲ್ಲ. ಕಬ್ಬಿನ ಟ್ರಾಲಿಯೇ ಸಾಕಷ್ಟು ದೊಡ್ಡ ವಿಷಯ.

ಸ್ವೀಡನ್ನಿನ ಸಾಬ್ ಕಂಪನಿ ಇದೇ ಸಮಸ್ಯೆಗೆ ಎದುರು ದಿಕ್ಕಿನಿಂದ ಬಂತು. ವಿಮಾನ ಕಟ್ಟುತ್ತಿದ್ದ ಮನೆತನದಿಂದ ಬಂದ ಕಾರು ಅದು. 1990ರ ದಶಕದ ಅವರ ಕಾರುಗಳಲ್ಲಿ ಒಂದು ಗುಂಡಿ ಒತ್ತಿದರೆ ಸ್ಪೀಡೊಮೀಟರ್ ಒಂದನ್ನು ಬಿಟ್ಟು ಉಳಿದೆಲ್ಲ ಮೀಟರುಗಳ ದೀಪ ಆರಿಹೋಗುತ್ತಿತ್ತು. ಪೆಟ್ರೋಲ್ ತೀರುತ್ತಿದ್ದರೆ, ಎಂಜಿನ್ ಬಿಸಿಯಾಗುತ್ತಿದ್ದರೆ ಮಾತ್ರ ಆಯಾ ಮೀಟರ್ ಎಚ್ಚರವಾಗುತ್ತಿತ್ತು. ಕತ್ತಲನ್ನೇ ಸೌಕರ್ಯವೆಂದು ಮಾರಿದವರು ಅವರು. ಕಂಪನಿ ಈಗ ಕಾರು ಮಾಡುವುದಿಲ್ಲ. ಗುಂಡಿಯ ನೆನಪು ಮಾತ್ರ ಕಾರು ಹುಚ್ಚಿನವರಲ್ಲಿ ಉಳಿದಿದೆ.

ಈಚಿನ ಕಾರುಗಳಲ್ಲಿ ಕೀಳಲು ಮುಳ್ಳೇ ಇಲ್ಲ, ಪರದೆ ಇದೆ. ಬಣ್ಣ ಬೇಕಿದ್ದರೆ ಮೆನುವಿನಲ್ಲಿ ಆರಿಸಿಕೊಂಡರೆ ಆಯಿತು. ಈಗಿನ ಗಿರಾಕಿಗಳು ಬೇರೆ ಕೆಲಸಕ್ಕೆ ಬರುತ್ತಾರೆ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳು ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕೂಗಿಕೊಳ್ಳಬೇಕು. ಆ ಕೂಗು ನಿಲ್ಲಿಸಿಕೊಡಿ ಎಂಬುದು ಒಂದು ಬೇಡಿಕೆ. ಸೀಟ್ ಬೆಲ್ಟ್ ಹಾಕದೆಯೇ ಅದರ ಎಚ್ಚರಿಕೆಯ ಗಂಟಲು ಕಟ್ಟುವ ಕ್ಲಿಪ್ ಇನ್ನೊಂದು. ಅದನ್ನು ಮಾರುತ್ತಿದ್ದ ಐದು ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶ ಕೊಟ್ಟು ನಿಲ್ಲಿಸಬೇಕಾಯಿತು. ಈ ಕ್ಲಿಪ್ಪಿನಲ್ಲಿ ಯಾವ ಚೆಲುವೂ ಇಲ್ಲ. ಮೀಟರಿನ ಮುಖ ಬದಲಿಸಿದವನು ಎಡವಟ್ಟು ಮಾಡಿಕೊಂಡಿರಬಹುದು, ಆದರೆ ಅವನಿಗೆ ಮೀಟರ್ ಬೇಕಿತ್ತು, ದಿನಾ ಅದನ್ನು ನೋಡುವ ಆಸೆಯಿತ್ತು. ಎಚ್ಚರಿಕೆಯ ಬಾಯಿ ಮುಚ್ಚಿಸಿದವನಿಗೆ ಅದು ಹೇಳುವುದೇ ಬೇಡ. ರಾತ್ರಿ ಮಂಗಳೂರಿಗೆ ಹೊರಡುವಾಗ ಇಬ್ಬರೂ ಬನ್ನಿ ಕೂತುಕೊಳ್ಳಿ ಎಂದರೆ ನಾನು ನೀಲಿ ಮೀಟರಿನವನ ಕಾರನ್ನೇ ಹತ್ತುತ್ತೇನೆ, ಸ್ವಲ್ಪ ಡಿಮ್ ಮಾಡಪ್ಪ ಎಂದು ಮೊದಲೇ ಹೇಳಿ.