ಕಡಲು ಸೇರುವ ನೀರು ವ್ಯರ್ಥವೇ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಭಾಗದ ಮನೆಮನೆಯಲ್ಲೂ ಕೇಳಿಬಂದದ್ದು ಒಂದೇ ಮಾತು: ‘ನೀರೆಲ್ಲ ಸಮುದ್ರದ ಪಾಲಾಯಿತಲ್ಲ!’ ನಾಟಿ ಮಾಡಿ ಕುಳಿತಿದ್ದ ರೈತನ ಆ ಸಂಕಟ ನ್ಯಾಯವಾದದ್ದೇ. ಆದರೆ ಗೇಟು ಮುರಿಯದ ವರ್ಷಗಳಲ್ಲೂ ನಾವು ಇದೇ ಮಾತನ್ನಾಡುತ್ತೇವೆ. ಕಡಲು ಸೇರಿದ ಹನಿಯೆಲ್ಲ ಹಾಳಾದ ಹನಿ ಎಂದೇ ನಮ್ಮ ಲೆಕ್ಕ. ಈ ಲೆಕ್ಕ ಸರಿಯೇ? ಪ್ರತಿಯೊಂದು ಅನುಗ್ರಹದ ಕುರಿತೂ ತನ್ನನ್ನು ಪ್ರಶ್ನಿಸಲಾಗುವುದೆಂದು ನಂಬಿರುವ ಸತ್ಯವಿಶ್ವಾಸಿಯು ಇದನ್ನು ಒಮ್ಮೆ ಯೋಚಿಸಲೇಬೇಕು.

ಹುಲಿಹೈದರದ ಹಳ್ಳಕ್ಕೆ ಇಳಿದ ಮಳೆನೀರು ಹರಿದು ಉಳಿದರೆ ಕೊನೆಗೆ ಕೃಷ್ಣೆಯನ್ನೇ ಸೇರಬೇಕು. ತುಂಗಭದ್ರೆಯ ದಾರಿಯೂ ಅದೇ. ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು ದಾಟಿ ಉಳಿದ ನೀರು ಕವಲುಗಳಾಗಿ ಒಡೆದು ಹಂಸಲದೀವಿಯ ಸುತ್ತಮುತ್ತ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅಲ್ಲಿ ರಸ್ತೆ ಮುಗಿದು ಕೆಸರು ಆರಂಭವಾಗುತ್ತದೆ. ಉಪ್ಪುನೀರಿನಲ್ಲೇ ಬೇರೂರಿದ ಕಾಂಡ್ಲಾ ಕಾಡು, ಏಡಿ, ಸಿಗಡಿ, ಮೀನು ಹಿಡಿದು ತಿನ್ನುವ ಕಾಡುಬೆಕ್ಕು, ಇವೆಲ್ಲ ನದಿಯ ಸಿಹಿನೀರನ್ನೂ ಅದು ತರುವ ಹೂಳನ್ನೂ ನಂಬಿ ಬದುಕುತ್ತವೆ. ನದಿಯ ಹರಿವು ಕುಗ್ಗಿದಂತೆ ಕಡಲಿನ ಉಪ್ಪು ಒಳನಾಡಿನ ಬಾವಿಗೂ ಗದ್ದೆಗೂ ನುಗ್ಗುತ್ತದೆ. 1977ರ ನವೆಂಬರ್ 19ರ ಚಂಡಮಾರುತದಲ್ಲಿ ಇದೇ ದಿವಿಸೀಮೆಯಲ್ಲಿ ಸಾವಿರಾರು ಜನ ಕಡಲಿನ ಉಬ್ಬರಕ್ಕೆ ಸಿಕ್ಕಿ ಸತ್ತರು. ಅಂಥ ತೀರದಲ್ಲಿ ಅಲೆಯ ಹೊಡೆತವನ್ನು ತಗ್ಗಿಸುವ ಮರಗಳ ಬೆಲೆ ಎಷ್ಟೆಂದು ಅಲ್ಲಿನವರನ್ನು ಕೇಳಬೇಕು.

ಹೂಳಿನ ಕಥೆಯೂ ಕೇಳುವಂಥದ್ದು. ಆರಂಭದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಇಂದು 105ರ ಆಸುಪಾಸಿಗೆ ಇಳಿದಿದೆ. ಕಡಲತೀರದಲ್ಲಿ ನೆಲ ಕಟ್ಟಬೇಕಾದ ಮಣ್ಣು ನಮ್ಮ ಜಲಾಶಯದಲ್ಲಿ ಕುಳಿತಿದೆ. ಅಲ್ಲಿ ನೆಲಕ್ಕೆ ನಷ್ಟ, ಇಲ್ಲಿ ನೀರಿಗೆ ನಷ್ಟ.

ತಡೆಯಿಲ್ಲದ ನದಿ ಹೇಗಿರುತ್ತದೆಂದು ನೋಡಬೇಕಿದ್ದರೆ ಮನೆಮಂದಿಯೊಡನೆ ಕುಮಟಾ ತಾಲೂಕಿಗೆ ಹೋಗಿ ಬನ್ನಿ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಡ ಹೆಂಗಸರು, ಗಂಡಸರು ಮೊಣಕಾಲುದ್ದ ನೀರಿಗಿಳಿದು ಬಳಚು ಆರಿಸುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಈ ಅಳಿವೆಗೆ ರಾಮ್‌ಸಾರ್ ಮನ್ನಣೆ ದೊರೆಯಿತು. ಸಮುದ್ರಕ್ಕೆ ಹೋದ ನೀರು ಇಲ್ಲಿ ಎಷ್ಟೋ ಮನೆಗಳ ಅನ್ನವಾಗಿದೆ.

ಸಿಹಿನೀರು ಮತ್ತು ಉಪ್ಪುನೀರು ಎದುರಾಗುವುದನ್ನೂ ಅವುಗಳ ನಡುವಿನ ತೆರೆಯನ್ನೂ ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ತೋರಿಸಿದೆ. ಸೃಷ್ಟಿಕರ್ತನು ದೃಷ್ಟಾಂತವೆಂದು ಕರೆದುದನ್ನು ನಾವು ಪೋಲು ಎಂದು ಕರೆಯಬಹುದೇ?

ಹಾಗಾದರೆ ದುಂದು ಯಾವುದು? ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಹದೀಸ್‌ನಲ್ಲಿ ಬಂದಿದೆ. ಚೆಲ್ಲಿದ ನೀರು ಮತ್ತೆ ನದಿಗೇ ಸೇರುತ್ತದಲ್ಲ! ಅಂದಮೇಲೆ ದುಂದು ಎಂಬುದು ನೀರು ಎಲ್ಲಿಗೆ ಹೋಯಿತೆಂಬುದರಲ್ಲಿಲ್ಲ, ಬಳಸುವವನು ತನ್ನ ಅಗತ್ಯವನ್ನು ಮೀರಿದನೇ ಎಂಬುದರಲ್ಲಿದೆ. ಹ. ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ಕಾಲುವೆಯ ನೀರಿಗಾಗಿ ತಕರಾರು ಬಂದಾಗ, ಮೇಲಿನವನು ತನ್ನ ತೋಟಕ್ಕೆ ನೀರುಣಿಸಿ ಬಳಿಕ ನೆರೆಯವನಿಗೆ ಬಿಡಲಿ ಎಂದು ಪ್ರವಾದಿ(ಸ) ತೀರ್ಪಿತ್ತರು. ಮೇಲಿನವನ ಹಕ್ಕನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಆ ಹಕ್ಕಿಗೆ ಒಂದು ಎಲ್ಲೆಯಿಟ್ಟರು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಮಳೆಯನ್ನೇ ನೆಚ್ಚಿ, ಬತ್ತಿದ ಬೋರ್‌ವೆಲ್ ಮುಂದೆ ಕೈಚೆಲ್ಲಿ ಕುಳಿತ ನಮ್ಮ ರೈತನಿಗೆ, ‘ಏಡಿಗಳಿಗಾಗಿ ನೀರು ಬಿಡು’ ಎನ್ನುವುದು ಅನ್ಯಾಯವಲ್ಲವೇ? ಖಂಡಿತ ಅನ್ಯಾಯವೇ. ಬಾಯಾರಿದವನ ಹಕ್ಕು ಮೊದಲಿನದು. ಆದರೆ ಅವನ ಪಾಲನ್ನು ಕಿತ್ತುಕೊಂಡದ್ದು ಸಮುದ್ರವೇ? ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ, ರಾಯಚೂರು ಕಡೆಯ ಕೊನೆ ಭಾಗದಲ್ಲಿ ನೀರಿಗಾಗಿ ಗೋಳು. ಇದು ನಮಗೆ ಹೊಸತೇನಲ್ಲ. ಕೊನೆ ಭಾಗದವನು ಮೇಲಿನವನ ಮೇಲೆ ಮಾಡುವ ದೂರು ನ್ಯಾಯವೆಂದು ನಾವು ಒಪ್ಪುತ್ತೇವೆ. ಹಂಸಲದೀವಿಯ ಬೆಸ್ತನ ದೂರೂ ಅದೇ ಅಲ್ಲವೇ? ಎಲ್ಲ ಕಾಲುವೆಗಳ ಕೊನೆಯ ಭಾಗದಲ್ಲಿ ಕುಳಿತಿರುವ ನೆರೆಯವನು ಅವನು. ಅವನ ಮುಖವನ್ನು ನಾವು ಕಾಣೆವು, ಅಷ್ಟೇ ವ್ಯತ್ಯಾಸ.

ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನ ಈಮಾನಿನ ಬಗ್ಗೆ ಪ್ರವಾದಿವರ್ಯರು(ಸ) ಕೊಟ್ಟ ಎಚ್ಚರಿಕೆ ನಮಗೆಲ್ಲ ತಿಳಿದದ್ದೇ. ಆ ನೆರೆ ಎಲ್ಲಿಗೆ ಮುಗಿಯುತ್ತದೆ? ಗೋಡೆಗೆ ಗೋಡೆ ತಾಗಿದ ಮನೆಯಲ್ಲೇ, ಅಥವಾ ನಮ್ಮ ನೀರು ಮುಟ್ಟುವ ಕೊನೆಯ ದಡದಲ್ಲೇ? ಸಮುದ್ರ ಸೇರುವ ನೀರನ್ನು ಹಳಿಯುವ ಮುನ್ನ ನಮ್ಮ ಹೊಲದ ಬದುವಿನಾಚೆ ಸುಮ್ಮನೆ ಹರಿದು ಹೋಗುವ ನೀರನ್ನೂ ಮನೆಯ ನಲ್ಲಿಯನ್ನೂ ನೋಡೋಣ. ಮಕ್ಕಳಿಗೆ, ಈ ನೀರು ನಮ್ಮ ಬಳಿಕ ಇನ್ನೊಬ್ಬರಿಗೆ ಹೋಗಬೇಕಾದದ್ದು ಎಂದು ಹೇಳಿಕೊಡೋಣ. ನೀರಿನ ಒಡೆಯರು ನಾವಲ್ಲ, ಅದನ್ನು ಕೈದಾಟಿಸುವವರು ಮಾತ್ರ.